ಕಡಲಿನ ದಾಸ್ತಾನು ಕರಗುತ್ತಿದೆ: ಕರಾವಳಿ ಮತ್ಸ್ಯೋದ್ಯಮದ ಮುಂದಿರುವ ಪ್ರಶ್ನೆ

ಮುಂಗಾರಿನ ನಿಷೇಧಾವಧಿ ಮುಗಿದು ಆಗಸ್ಟ್ ತಿಂಗಳಲ್ಲಿ ಮಲ್ಪೆ, ಮಂಗಳೂರು ಬಂದರುಗಳಿಂದ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಾಗ ಅವುಗಳೊಡನೆ ಅನೇಕ ವ್ಯಾಪಾರಗಳೂ ಚಲಿಸತೊಡಗುತ್ತವೆ. ಮಂಜುಗಡ್ಡೆ ಸ್ಥಾವರ, ಡೀಸೆಲ್ ಬಂಕು, ಬಲೆ-ಹಗ್ಗದ ಅಂಗಡಿ, ಎಂಜಿನ್ ದುರಸ್ತಿಯ ಕಾರ್ಯಾಗಾರ, ಲಾರಿ, ಶೈತ್ಯಾಗಾರ, ರಫ್ತು ಘಟಕ ಇವೆಲ್ಲವೂ ನಿಂತಿರುವುದು ನೀರಿನೊಳಗಿನ ಒಂದೇ ದಾಸ್ತಾನಿನ ಮೇಲೆ. ಆ ದಾಸ್ತಾನು ಯಾರ ಲೆಕ್ಕಪುಸ್ತಕದಲ್ಲಿಯೂ ನಮೂದಾಗಿಲ್ಲ.

ಮತ್ಸ್ಯಕ್ಷಾಮವೆಂಬ ಮಾತು ಕರಾವಳಿಗೆ ಹೊಸದಲ್ಲ. 1970ರ ದಶಕದ ಮಧ್ಯಭಾಗದವರೆಗೂ ಬಂಗುಡೆ, ಬೂತಾಯಿಗಳನ್ನು ದಡಕ್ಕೆ ತರುತ್ತಿದ್ದುದು ಮುಖ್ಯವಾಗಿ ರಂಪಣಿ. ಹತ್ತಾರು ಜನ ಮರಳ ಮೇಲೆ ನಿಂತು ಎಳೆಯುತ್ತಿದ್ದ ಆ ಬೃಹತ್ ಬಲೆಗೆ ಮೀನು ತಾನಾಗಿಯೇ ತೀರದ ಸಮೀಪ ಬರಬೇಕಿತ್ತು. ಬಂದುದರಲ್ಲಿ ಎಳೆದವರಿಗೆಲ್ಲ ಪಾಲಿರುತ್ತಿತ್ತು. ಪರ್ಸೀನ್ ಬಲೆ ಬಂದ ಮೇಲೆ ದೋಣಿಯೇ ಹಿಂಡನ್ನು ಅರಸಿ ಹೋಗಿ ಸುತ್ತುವರಿಯತೊಡಗಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗುಂಪಾಯಿತು. ಟ್ರಾಲ್ ದೋಣಿಗಳೂ ಒಂದು ದಿನದ ಪಯಣವನ್ನು ಬಿಟ್ಟು ಗೋವಾ, ರತ್ನಾಗಿರಿಯ ಕಡಲಿನವರೆಗೆ ವಾರಕ್ಕೂ ಮಿಕ್ಕಿ ಹೋಗಿಬರುವಂತಾಯಿತು. ದೂರ ಹೆಚ್ಚಿದಷ್ಟೂ ಡೀಸೆಲ್ ಮತ್ತು ಮಂಜುಗಡ್ಡೆಯ ಖರ್ಚು ಹೆಚ್ಚುತ್ತದೆ. ಬಂದರಿನ ಒಟ್ಟು ಇಳುವರಿ ಏರಿದ ವರ್ಷದಲ್ಲಿಯೂ ದೋಣಿಯೊಂದರ ಲಾಭ ಏರಿತೆಂದು ಹೇಳಲಾಗದು.

ದಾಸ್ತಾನು ಎಷ್ಟು ಬೇಗ ಬರಿದಾಗಬಲ್ಲುದೆಂಬುದಕ್ಕೆ ನೆರೆಯ ಕೇರಳವೇ ಸಾಕ್ಷಿ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಅಲ್ಲಿನ ಬೂತಾಯಿ ಇಳುವರಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಎಲ್ ನಿನೊ ಹಾಗೂ ಕಡಲಿನ ಬದಲಾದ ಉಷ್ಣತೆ ಇದಕ್ಕೆ ಕಾರಣವಾದರೂ, ಅದಕ್ಕೆ ಮೊದಲು ನಡೆದ ಮಿತಿಮೀರಿದ ಬೇಟೆಯ ಪಾಲನ್ನು ಅಲ್ಲಗಳೆಯುವಂತಿಲ್ಲ. ಉತ್ತರ ಕನ್ನಡದವರು ತಾರ್ಲೆ ಎನ್ನುವ ಈ ಮೀನಿನ ಆಯುಸ್ಸು ಎರಡು-ಎರಡೂವರೆ ವರ್ಷ. ಒಂದು ವರ್ಷದೊಳಗೇ ಮೊಟ್ಟೆಯಿಡುವಷ್ಟು ಬಲಿಯುತ್ತದೆ. ಆದುದರಿಂದಲೇ ಅನುಕೂಲ ಒದಗಿದಾಗ ಬೇಗ ಚೇತರಿಸಿಕೊಳ್ಳುತ್ತದೆ. 2022ರಲ್ಲಿ ಕೇರಳದ ಇಳುವರಿ ಮತ್ತೆ ಲಕ್ಷ ಟನ್ ಮುಟ್ಟಿತು. ಆದರೆ ಮರಿಗಳನ್ನೇ ಬಾಚಿದರೆ ಚೇತರಿಕೆಗೆ ಉಳಿಯುವುದೇನು?

ಮರಿಮೀನಿಗೂ ಬೆಲೆಯಿದೆಯೆಂಬುದೇ ಈಗಿನ ಸಂಕಟ. ಹಿಂದೆ ಒಣಗಿಸಿ ತೋಟದ ಗೊಬ್ಬರಕ್ಕೆ ಹಾಕುತ್ತಿದ್ದ ಸಣ್ಣ ಮೀನು ಇಂದು ಮೀನುಹಿಟ್ಟು ಮತ್ತು ಮೀನೆಣ್ಣೆಯ ಕಾರ್ಖಾನೆಗಳ ಕಚ್ಚಾವಸ್ತು. ಒಂದು ಕಿಲೋ ಹಿಟ್ಟಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಸಿಗಡಿ ಸಾಕಣೆಯ ಆಹಾರವಾಗಿ ಹಿಟ್ಟಿಗೆ ಬೇಡಿಕೆಯಿದೆ, ನಮ್ಮ ಕರಾವಳಿಯಲ್ಲಿ ಇಂತಹ ಕಾರ್ಖಾನೆಗಳು ಅನೇಕವಿವೆ. ಇದು ಅಕ್ರಮ ವ್ಯವಹಾರವೇನಲ್ಲ. ಸಂಸ್ಕರಣಾ ಘಟಕಗಳ ತಲೆ, ಕರುಳು, ಕೆಟ್ಟ ಮೀನು ಅಲ್ಲಿ ಹಣವಾಗುತ್ತದೆ. ಆದರೆ ಆರು ತಿಂಗಳು ಕಳೆದರೆ ಹಲವು ಪಟ್ಟು ತೂಗಬಹುದಾದ, ಸಂತತಿಯನ್ನೂ ಬಿಡಬಹುದಾದ ಮೀನು ಗೊಬ್ಬರಕ್ಕಿಂತ ತುಸು ಮೇಲಿನ ದರಕ್ಕೆ ಹೋಗುವುದು ವ್ಯಾಪಾರದ ದೃಷ್ಟಿಯಿಂದಲೂ ನಷ್ಟವೇ.

ಕಾನೂನುಗಳಿಗೆ ಕೊರತೆಯಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನಗಳ ನಿಷೇಧ 2015ರಿಂದ ಜಾರಿಗೆ ಬಂದಿದೆ. ಪ್ರಖರ ಎಲ್‌ಇಡಿ ದೀಪದ ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಟ್ರಾಲ್ ಬಲೆಯ ತುದಿಚೀಲಕ್ಕೆ 35 ಮಿಲಿಮೀಟರ್ ಚೌಕ ಕಣ್ಣು ಇರಬೇಕೆಂಬ ಶಿಫಾರಸಿದೆ. ಕೇರಳವು 2015ರಲ್ಲಿ ಬೂತಾಯಿಗೆ 10 ಸೆಂಟಿಮೀಟರಿನ ಕನಿಷ್ಠ ಅಳತೆಯನ್ನು ವಿಧಿಸಿತು. ಆದರೆ ಒಂದು ರಾಜ್ಯದಲ್ಲಿ ಇಳಿಸಲಾಗದ ಮೀನನ್ನು ಪಕ್ಕದ ರಾಜ್ಯದ ಬಂದರು ಕೊಳ್ಳುವುದಾದರೆ ಅಳತೆಗೆ ಅರ್ಥವಿಲ್ಲ.

ಸಾವಿರಾರು ದೋಣಿಗಳನ್ನು ನಡುಗಡಲಿನಲ್ಲಿ ತಪಾಸಣೆ ಮಾಡುವುದು ಅಸಾಧ್ಯ. ಕಾರ್ಖಾನೆಯ ಬಾಗಿಲುಗಳು ಎಣಿಕೆಗೆ ಸಿಗುವಷ್ಟೇ ಇವೆ. ಖರೀದಿದಾರರೇ ಒಂದಾಗಿ ಕನಿಷ್ಠ ಅಳತೆಯನ್ನು ಖರೀದಿಯ ಷರತ್ತಾಗಿಸಿದರೆ ತಪಾಸಣೆ ತೂಕದ ಕಟ್ಟೆಯಲ್ಲೇ ಮುಗಿಯುತ್ತದೆ. ಒಬ್ಬರು ತಿರಸ್ಕರಿಸಿದ ಲಾರಿಯನ್ನು ಇನ್ನೊಬ್ಬರು ಕೊಳ್ಳದಿದ್ದರೆ ಮಾತ್ರ. ಏಕೆಂದರೆ ಡೀಸೆಲಿನ ಸಾಲ ಹೊತ್ತು ದಡ ಸೇರುವ ದೋಣಿಯ ಮಾಲೀಕ ಬಲೆಗೆ ಬಿದ್ದುದನ್ನು ನೀರಿಗೆ ಚೆಲ್ಲಿ ಬರುವನೆಂದು ನಿರೀಕ್ಷಿಸುವಂತಿಲ್ಲ. ಮರಿಮೀನಿಗೆ ಗಿರಾಕಿಯಿಲ್ಲವೆಂದು ಹೊರಡುವ ಮೊದಲೇ ತಿಳಿದಿದ್ದರೆ ಅವನು ದೊಡ್ಡ ಕಣ್ಣಿನ ಬಲೆಯನ್ನೇ ದೋಣಿಗೇರಿಸಿಕೊಳ್ಳುತ್ತಾನೆ.