ಮಂಜುಗಡ್ಡೆಯ ಅಂಗಳದಲ್ಲಿ ಹತ್ತೊಂಬತ್ತರ ಹುಡುಗರು

ಹಾಕಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕೊಡಗಿನ ಮೈದಾನಗಳು, ಧ್ಯಾನ್‌ಚಂದ್ ಅವರ ಕೋಲಿನ ಚಮತ್ಕಾರ, ಒಲಿಂಪಿಕ್ಸ್‌ನಲ್ಲಿ ಭಾರತ ಗೆದ್ದ ಚಿನ್ನದ ಪದಕಗಳು. ಆದರೆ ಕೆನಡಾ ದೇಶಕ್ಕೆ ಹೋಗಿ 'ಹಾಕಿ' ಎಂದರೆ ಅಲ್ಲಿಯವರು ತಿಳಿಯುವುದೇ ಬೇರೆ. ಅವರ ಪಾಲಿಗೆ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ನಮ್ಮ ಆಟಕ್ಕೆ ಅವರು 'ಫೀಲ್ಡ್ ಹಾಕಿ' ಎಂದು ಬೇರೆ ಹೆಸರನ್ನೇ ಇಟ್ಟಿದ್ದಾರೆ!

ಆ ದೇಶದಲ್ಲಿ ಕ್ರಿಸ್‌ಮಸ್ ಮರುದಿನ, ಅಂದರೆ ಡಿಸೆಂಬರ್ 26ರಿಂದ ಜನವರಿ 5ರವರೆಗೆ ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂರುವ ವಾಡಿಕೆ ಇದೆ. ಅವರು ನೋಡುವುದು ಹೆಸರಾಂತ ವೃತ್ತಿಪರ ಆಟಗಾರರನ್ನಲ್ಲ, ಪಿ.ಯು.ಸಿ. ಮುಗಿಸಿ ಕಾಲೇಜಿಗೆ ಕಾಲಿಡುವ ವಯಸ್ಸಿನ ಹುಡುಗರನ್ನು. ಅದೇ ವಿಶ್ವ ಜೂನಿಯರ್ ಐಸ್ ಹಾಕಿ ಚಾಂಪಿಯನ್‌ಷಿಪ್. ಇಪ್ಪತ್ತು ತುಂಬದವರಿಗಷ್ಟೇ ಇಲ್ಲಿ ಪ್ರವೇಶ. ಐವತ್ತು ವರ್ಷಗಳ ಈ ಪಂದ್ಯಾವಳಿಯ ಚರಿತ್ರೆಯಲ್ಲಿ ಆಟವಷ್ಟೇ ಅಲ್ಲ, ರಾಜಕೀಯವಿದೆ, ಭೂಗೋಳವಿದೆ, ಮಕ್ಕಳನ್ನು ಬೆಳೆಸುವ ಹಿರಿಯರಿಗೆ ಒಂದು ಎಚ್ಚರಿಕೆಯ ಮಾತೂ ಇದೆ.

ಆಟ ಹೇಗೆ?

ಮೊದಲು ಆಟವನ್ನು ತಿಳಿದುಕೊಳ್ಳೋಣ. ಅಂಗಳದ ಉದ್ದ ಸುಮಾರು 60 ಮೀಟರ್, ಅಗಲ 26ರಿಂದ 30 ಮೀಟರ್. ಸುತ್ತಲೂ ಗೋಡೆಯಂಥ ಹಲಗೆಗಳ ಆವರಣ. ಗೋಲ್‌ಕೀಪರ್ ಸೇರಿ ಒಂದೊಂದು ತಂಡದಲ್ಲಿ ಒಮ್ಮೆಗೆ ಆರು ಮಂದಿ. ತಲಾ 20 ನಿಮಿಷಗಳ ಮೂರು ಅವಧಿಗಳ ಆಟ. ಚೆಂಡಿನ ಬದಲಿಗೆ 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅದರ ವ್ಯಾಸ ಸುಮಾರು 7.6 ಸೆಂಟಿಮೀಟರ್, ದಪ್ಪ 2.5 ಸೆಂಟಿಮೀಟರ್, ತೂಕ 156ರಿಂದ 170 ಗ್ರಾಂ. ಆಟಕ್ಕೆ ಮುಂಚೆ ಅದನ್ನು ಶೀತಲೀಕರಿಸಿ ಇಡುತ್ತಾರೆ. ತಣ್ಣಗಾದ ರಬ್ಬರಿಗೆ ಪುಟಿಯುವ ಗುಣ ಕಡಿಮೆಯಾಗಿ ಅದು ನೆಲಕ್ಕಂಟಿಕೊಂಡೇ ಜಾರುತ್ತದೆ.

ಮಂಜುಗಡ್ಡೆ ಏಕೆ ಜಾರುತ್ತದೆ? ಆಟಗಾರನ ಭಾರ ಸ್ಕೇಟಿನ ತೆಳು ಅಲಗಿನ ಮೇಲೆ ಬಿದ್ದು, ಒತ್ತಡದಿಂದ ಮಂಜು ಕರಗುತ್ತದೆ ಎಂದು ನಾವೆಲ್ಲ ಓದಿದ್ದೇವೆ, ಪಾಠವನ್ನೂ ಮಾಡಿದ್ದೇವೆ. ಲೆಕ್ಕ ಹಾಕಿ ನೋಡಿದರೆ ಅದು ಸಾಲದು. ಕರಗುವ ಬಿಂದು ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಇಳಿಯಬೇಕಾದರೂ ವಾಯುಮಂಡಲದ ಒತ್ತಡದ ಸುಮಾರು 135 ಪಟ್ಟು ಒತ್ತಡ ಬೇಕು. ಅಂಗಳದ ಮಂಜಾದರೋ ಸೊನ್ನೆಗಿಂತ ಹಲವು ಡಿಗ್ರಿ ಕೆಳಗಿರುತ್ತದೆ. ನಿಜ ಸಂಗತಿ ಎಂದರೆ, ಮಂಜಿನ ಮೇಲ್ಮೈಯ ಅಣುಗಳಿಗೆ ಮೇಲಿನಿಂದ ಹಿಡಿತವಿಲ್ಲದ ಕಾರಣ ಅವು ಅರೆದ್ರವದಂತೆ ಸಡಿಲವಾಗಿರುತ್ತವೆ. ಮೈಕೆಲ್ ಫ್ಯಾರಡೆ 1850ರಲ್ಲೇ ಇದನ್ನು ಊಹಿಸಿದ್ದ. ಅದರ ಜೊತೆಗೆ ಸ್ಕೇಟ್ ಉಜ್ಜುವಾಗ ಹುಟ್ಟುವ ಶಾಖವೂ ಸೇರಿ ಜಾರುವಿಕೆ ಉಂಟಾಗುತ್ತದೆ.

ಸೋವಿಯತ್ ಪಾರುಪತ್ಯ

ಯುರೋಪಿನಲ್ಲಿ 1968ರಿಂದಲೇ ಕಿರಿಯರ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಅಟ್ಲಾಂಟಿಕ್ ಸಾಗರದ ಎರಡೂ ಬದಿಯ ಹುಡುಗರನ್ನು ಒಂದೇ ಅಂಗಳಕ್ಕೆ ತರುವ ಪ್ರಯತ್ನ ಶುರುವಾದದ್ದು 1974ರಲ್ಲಿ, ಅಂದಿನ ಲೆನಿನ್‌ಗ್ರಾಡ್ ನಗರದಲ್ಲಿ. 1974, 75, 76ರ ಮೂರು ಪಂದ್ಯಾವಳಿಗಳು ಅನಧಿಕೃತ. ಮೂರನ್ನೂ ಗೆದ್ದದ್ದು ಸೋವಿಯತ್ ಒಕ್ಕೂಟ. 1977ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಮೊದಲ ಅಧಿಕೃತ ಚಾಂಪಿಯನ್‌ಷಿಪ್ ನಡೆಯಿತು. ಅದನ್ನೂ, ಮುಂದಿನ ಮೂರನ್ನೂ ಸೋವಿಯತ್ ಹುಡುಗರೇ ಗೆದ್ದರು.

ಇದು ಅದೃಷ್ಟದಿಂದ ಬಂದದ್ದಲ್ಲ. ಅಲ್ಲಿನ ಪ್ರಸಿದ್ಧ ತರಬೇತುದಾರ ಅನಾತೊಲಿ ತರಾಸೊವ್ 1964ರಲ್ಲಿ 'ಚಿನ್ನದ ಪಕ್' ಎಂಬ ಮಕ್ಕಳ ಪಂದ್ಯಾವಳಿಯನ್ನು ಹುಟ್ಟುಹಾಕಿದ್ದರು. ಬೀದಿಬೀದಿಯ ಅಂಗಳಗಳಿಂದ ಹುಡುಗರು ಬಂದು ಆಡಿದರು. ಅವರಲ್ಲಿ ಚುರುಕಾದವರು ಕ್ರೀಡಾಶಾಲೆಗಳಿಗೂ ದೊಡ್ಡ ಕ್ಲಬ್ಬುಗಳಿಗೂ ಏರಿದರು. ಮುಂದೆ ಜಗತ್ಪ್ರಸಿದ್ಧರಾದ ಫೆಟಿಸೊವ್, ಕ್ರುತೊವ್, ಲಾರಿಯೊನೊವ್ ಈ ಜೂನಿಯರ್ ತಂಡಗಳಲ್ಲಿ ಪಳಗಿದವರೇ.

ಇತ್ತ ಕೆನಡಾದ ಸ್ಥಿತಿ ಹೇಗಿತ್ತು? ಆಟದ ತವರು ಎಂಬ ಹೆಮ್ಮೆ ಇತ್ತು, ಆದರೆ ಸಿದ್ಧತೆ ಇರಲಿಲ್ಲ. ದೇಶದೊಳಗಿನ ಜೂನಿಯರ್ ಚಾಂಪಿಯನ್ ಕ್ಲಬ್ಬಿಗೆ ನಾಲ್ಕಾರು ಆಟಗಾರರನ್ನು ಸೇರಿಸಿ ಕಳುಹಿಸುವುದು ರೂಢಿ. 1978ರಲ್ಲಿ ಮಾಂಟ್ರಿಯಲ್‌ನಲ್ಲಿ ಪಂದ್ಯಾವಳಿ ನಡೆದಾಗ ಹದಿನಾರರ ಬಾಲಕನೊಬ್ಬ ಆರು ಪಂದ್ಯಗಳಲ್ಲಿ 17 ಅಂಕ ಗಳಿಸಿ ಎಲ್ಲರಿಗಿಂತ ಮುಂದಿದ್ದ. ಗೋಲು ಹೊಡೆದರೂ, ಗೋಲಿಗೆ ನೆರವಾದರೂ ಆಟಗಾರನಿಗೆ ಒಂದೊಂದು ಅಂಕ. ಆ ಬಾಲಕನೇ ವೇಯ್ನ್ ಗ್ರೆಟ್ಸ್‌ಕಿ. ಇಷ್ಟಾದರೂ ಕೆನಡಾಕ್ಕೆ ದಕ್ಕಿದ್ದು ಕಂಚು. 1981ರಲ್ಲಂತೂ ಎಂಟು ತಂಡಗಳಲ್ಲಿ ಏಳನೆಯ ಸ್ಥಾನ! ಆ ವರ್ಷ ಚಿನ್ನ ಗೆದ್ದದ್ದು ಸ್ವೀಡನ್.

ತಾವೇ ಹಾಡಿದ ರಾಷ್ಟ್ರಗೀತೆ

ಈ ಅವಮಾನ ಕೆನಡಾದ ಕಣ್ಣು ತೆರೆಸಿತು. ಕ್ಲಬ್ ತಂಡ ಕಳುಹಿಸುವ ಪದ್ಧತಿಗೆ ವಿದಾಯ ಹೇಳಿ, ದೇಶದಾದ್ಯಂತ ಹುಡುಗರನ್ನು ಆರಿಸಿ, ಶಿಬಿರ ನಡೆಸಿ ಒಂದು ರಾಷ್ಟ್ರೀಯ ತಂಡವನ್ನು ಕಟ್ಟಿದರು. ತರಬೇತುದಾರ ಡೇವ್ ಕಿಂಗ್. ಫಲ ಮೊದಲ ವರ್ಷವೇ ಸಿಕ್ಕಿತು. 1982ರ ಜನವರಿಯಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿ ಜೆಕೊಸ್ಲೊವಾಕಿಯಾ ವಿರುದ್ಧ ನಡೆದ ಕೊನೆಯ ಪಂದ್ಯ 3-3ರಲ್ಲಿ ಸಮವಾಯಿತು. ಚಿನ್ನಕ್ಕೆ ಅಷ್ಟೇ ಸಾಕಿತ್ತು.

ಆದರೆ ಪದಕ ಕೊಡುವ ಹೊತ್ತಿಗೆ ಒಂದು ಎಡವಟ್ಟು. ನುಡಿಸಲು ಕೆನಡಾದ ರಾಷ್ಟ್ರಗೀತೆಯ ಧ್ವನಿಮುದ್ರಿಕೆಯೇ ಅಲ್ಲಿರಲಿಲ್ಲ! ಹುಡುಗರು ಎದೆಗುಂದಲಿಲ್ಲ. ಸಾಲಾಗಿ ನಿಂತು ತಾವೇ ಹಾಡಿಬಿಟ್ಟರು. ಆ ಹಾಡು ಕೆನಡಾದ ಕ್ರೀಡಾಪ್ರೇಮಿಗಳಿಗೆ ಇಂದಿಗೂ ನೆನಪಿದೆ.

ದೀಪ ಆರಿಸಿದ ರಾತ್ರಿ

ಎಲ್ಲ ನೆನಪುಗಳೂ ಹೀಗೆ ಸಿಹಿಯಲ್ಲ. 1987ರ ಜನವರಿ 4ರಂದು ಜೆಕೊಸ್ಲೊವಾಕಿಯಾದ ಪಿಯೆಷ್ಟಾನಿ ಊರಿನಲ್ಲಿ ಕೆನಡಾ ಹಾಗೂ ಸೋವಿಯತ್ ಒಕ್ಕೂಟ ಎದುರುಬದುರಾದವು. ಸೋವಿಯತ್ ತಂಡಕ್ಕೆ ಪದಕದ ಆಸೆ ಆಗಲೇ ಮುಗಿದಿತ್ತು. ಕೆನಡಾಕ್ಕೆ ಕಂಚು ಖಚಿತ. ಐದು ಗೋಲುಗಳ ಅಂತರದಿಂದ ಗೆದ್ದರೆ ಚಿನ್ನವೇ ಸಿಗುತ್ತಿತ್ತು. ಎರಡನೆಯ ಅವಧಿಯಲ್ಲಿ ಕೆನಡಾ 4-2ರಿಂದ ಮುಂದಿದ್ದಾಗ ಇಬ್ಬರ ನಡುವೆ ಶುರುವಾದ ಜಗಳ ನೋಡನೋಡುತ್ತಿದ್ದಂತೆ ಹಬ್ಬಿತು. ಬೆಂಚಿನಲ್ಲಿ ಕುಳಿತಿದ್ದ ಆಟಗಾರರೂ ಅಂಗಳಕ್ಕೆ ಧುಮುಕಿದರು. ಬಿಡಿಸಲಾಗದೆ ತೀರ್ಪುಗಾರರು ಕೈಚೆಲ್ಲಿದರು. ಕೊನೆಗೆ ಕ್ರೀಡಾಂಗಣದ ದೀಪಗಳನ್ನೇ ಆರಿಸಿದರು. ಕತ್ತಲಲ್ಲೂ ಹೊಡೆದಾಟ ನಿಲ್ಲಲಿಲ್ಲ!

ಎರಡೂ ತಂಡಗಳನ್ನು ಪಂದ್ಯಾವಳಿಯಿಂದಲೇ ಹೊರಹಾಕಲಾಯಿತು. ಫಿನ್ಲೆಂಡ್‌ಗೆ ಚಿನ್ನ, ಜೆಕೊಸ್ಲೊವಾಕಿಯಾಕ್ಕೆ ಬೆಳ್ಳಿ, ಸ್ವೀಡನ್‌ಗೆ ಕಂಚು. ಕೈಗೆ ಬಂದಿದ್ದ ಪದಕವನ್ನು ಕೆಲವು ನಿಮಿಷಗಳ ಸಿಟ್ಟು ಕಸಿದುಕೊಂಡಿತು. ಸಿಟ್ಟಿಗೆ ಕೊಟ್ಟ ಬುದ್ಧಿ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಆಟದ ನಡುವೆ ದೇಶವೇ ಇಲ್ಲವಾಯಿತು

1989ರಲ್ಲಿ ಅಲಾಸ್ಕಾದ ಆಂಕರೇಜ್‌ನಲ್ಲಿ ಚಿನ್ನ ಗೆದ್ದ ಸೋವಿಯತ್ ತಂಡದಲ್ಲಿ ಬುರೆ, ಫೆಡೊರೊವ್, ಮೊಗಿಲ್ನಿ ಎಂಬ ಮೂವರು ಮಿಂಚಿನ ಹುಡುಗರಿದ್ದರು. ಕೆಲವೇ ವರ್ಷಗಳಲ್ಲಿ ಮೂವರೂ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಸೇರಿದರು. ಕಾಲ ಬದಲಾಗುತ್ತಿತ್ತು. 1991ರ ಡಿಸೆಂಬರ್ 26ರಂದು ಜರ್ಮನಿಯಲ್ಲಿ ಪಂದ್ಯಾವಳಿ ಆರಂಭವಾದ ದಿನವೇ ಅತ್ತ ಸೋವಿಯತ್ ಒಕ್ಕೂಟ ಔಪಚಾರಿಕವಾಗಿ ವಿಸರ್ಜನೆಗೊಂಡಿತು. ಸೋವಿಯತ್ ತಂಡವಾಗಿ ಅಂಗಳಕ್ಕಿಳಿದ ಹುಡುಗರು ಹೊಸ ವರ್ಷದಲ್ಲಿ ಸ್ವತಂತ್ರ ರಾಷ್ಟ್ರಗಳ ಒಕ್ಕೂಟದ ಹೆಸರಿನಲ್ಲಿ ಆಡಿ ಚಿನ್ನ ಗೆದ್ದರು.

ಮರುವರ್ಷವೂ ಅದೇ ಕಥೆ. 1992ರ ಡಿಸೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಆಟ ಶುರುಮಾಡಿದ ಜೆಕೊಸ್ಲೊವಾಕಿಯಾ ತಂಡದ ದೇಶ 1993ರ ಜನವರಿ 1ರಂದು ಇಬ್ಭಾಗವಾಯಿತು. ಹುಡುಗರು ಮಾತ್ರ ಕೊನೆಯವರೆಗೆ ಒಟ್ಟಿಗೇ ಆಡಿ ಕಂಚು ಪಡೆದರು. ಅದೇ ಪಂದ್ಯಾವಳಿಯಲ್ಲಿ ಸ್ವೀಡನ್‌ನ ಪೀಟರ್ ಫೋರ್ಸ್‌ಬರ್ಗ್ ಏಳು ಪಂದ್ಯಗಳಲ್ಲಿ 31 ಅಂಕ ಗಳಿಸಿ ದಾಖಲೆ ಸ್ಥಾಪಿಸಿದ. ಆದರೂ ಚಿನ್ನ ಕೆನಡಾಕ್ಕೆ, ಸ್ವೀಡನ್‌ಗೆ ಬೆಳ್ಳಿ. ಒಬ್ಬನಿಂದಲೇ ಪಂದ್ಯಾವಳಿ ಗೆಲ್ಲಲಾಗದು ಎಂಬುದಕ್ಕೆ ಇದೊಂದು ಸಾಕ್ಷಿ.

ಕೆನಡಾ 1993ರಿಂದ 97ರವರೆಗೆ ಸತತ ಐದು ಬಾರಿ, ಮತ್ತೆ 2005ರಿಂದ 2009ರವರೆಗೆ ಸತತ ಐದು ಬಾರಿ ಗೆದ್ದಿತು. 2009ರ ಸೆಮಿಫೈನಲ್‌ನಲ್ಲಿ ರಷ್ಯಾ ವಿರುದ್ಧ ಸೋಲು ಬಹುತೇಕ ನಿಶ್ಚಯವಾಗಿದ್ದಾಗ, ಕೇವಲ 5.4 ಸೆಕೆಂಡು ಉಳಿದಿರುವಂತೆ ಜೋರ್ಡನ್ ಎಬರ್ಲೆ ಗೋಲು ಹೊಡೆದು ಪಂದ್ಯ ಉಳಿಸಿದ. ಎರಡು ವರ್ಷಗಳ ಬಳಿಕ ರಷ್ಯಾ ಸೇಡು ತೀರಿಸಿಕೊಂಡಿತು. 2011ರ ಫೈನಲ್‌ನಲ್ಲಿ ಎರಡು ಅವಧಿ ಮುಗಿದಾಗ 0-3ರಿಂದ ಹಿಂದಿದ್ದ ರಷ್ಯಾ, ಕೊನೆಯ ಅವಧಿಯಲ್ಲಿ ಐದು ಗೋಲು ಹೊಡೆದು 5-3ರಿಂದ ಕೆನಡಾವನ್ನು ಸೋಲಿಸಿತು! ಉಕ್ರೇನ್ ಮೇಲಿನ ಆಕ್ರಮಣದ ಕಾರಣ 2022ರಲ್ಲಿ ರಷ್ಯಾವನ್ನು ಅಂತರರಾಷ್ಟ್ರೀಯ ಐಸ್ ಹಾಕಿಯಿಂದ ಹೊರಗಿಡಲಾಯಿತು.

ಕೊರೊನಾ ಕಾಲದಲ್ಲಿ 2021ರ ಪಂದ್ಯಾವಳಿ ಎಡ್ಮಂಟನ್‌ನಲ್ಲಿ ಪ್ರೇಕ್ಷಕರೇ ಇಲ್ಲದೆ ನಡೆದು ಅಮೆರಿಕ ಗೆದ್ದಿತು. ಮರುವರ್ಷದ್ದು ನಡುವೆಯೇ ನಿಂತುಹೋಗಿ, 2022ರ ಆಗಸ್ಟ್‌ನಲ್ಲಿ ಮೊದಲಿನಿಂದ ನಡೆದು ಕೆನಡಾ ಪಾಲಾಯಿತು. 2024, 2025ರಲ್ಲಿ ಅಮೆರಿಕ ಸತತವಾಗಿ ಚಿನ್ನ ಗೆದ್ದಿತು.

ಯಾರಿಗೆ ಎಷ್ಟು ಚಿನ್ನ? (1977ರಿಂದ 2025ರವರೆಗಿನ 49 ಪಂದ್ಯಾವಳಿಗಳು)

ಕೆನಡಾ - 20
ಸೋವಿಯತ್ ಒಕ್ಕೂಟ, ಸ್ವತಂತ್ರ ರಾಷ್ಟ್ರಗಳ ಒಕ್ಕೂಟ ಮತ್ತು ರಷ್ಯಾ ಸೇರಿ - 13
ಅಮೆರಿಕ - 7
ಫಿನ್ಲೆಂಡ್ - 5
ಸ್ವೀಡನ್ - 2
ಜೆಕ್ ಗಣರಾಜ್ಯ - 2

ನಮ್ಮ ದೇಶ ಈ ಪಟ್ಟಿಯಲ್ಲಿ ಇಲ್ಲವಾದರೂ ಈ ಆಟಕ್ಕೆ ಅಪರಿಚಿತವೇನಲ್ಲ. ಭಾರತ 1989ರಿಂದ ಅಂತರರಾಷ್ಟ್ರೀಯ ಐಸ್ ಹಾಕಿ ಫೆಡರೇಷನ್ನಿನ ಸದಸ್ಯ. ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಟ ಕಲಿತ ಹೆಣ್ಣುಮಕ್ಕಳೇ ಹೆಚ್ಚಾಗಿದ್ದ ನಮ್ಮ ಮಹಿಳಾ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿದೆ.

ಹುಟ್ಟಿದ ತಿಂಗಳಿನ ಮಹಿಮೆ

ಈಗ ಪೋಷಕರು ಗಮನವಿಟ್ಟು ಓದಬೇಕಾದ ವಿಷಯಕ್ಕೆ ಬರುತ್ತೇನೆ. 1980ರ ದಶಕದಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ತಮ್ಮ ಪತ್ನಿಯೊಂದಿಗೆ ಜೂನಿಯರ್ ಹಾಕಿ ಪಂದ್ಯವೊಂದನ್ನು ನೋಡಲು ಹೋಗಿದ್ದರು. ಕೈಯಲ್ಲಿದ್ದ ಪುಸ್ತಿಕೆಯಲ್ಲಿ ಆಟಗಾರರ ಹುಟ್ಟಿದ ದಿನಾಂಕಗಳಿದ್ದವು. ಅವುಗಳ ಮೇಲೆ ಕಣ್ಣಾಡಿಸಿದ ಪತ್ನಿಗೆ ಒಂದು ವಿಚಿತ್ರ ಕಾಣಿಸಿತು. ಬಹಳಷ್ಟು ಹುಡುಗರು ಹುಟ್ಟಿದ್ದು ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ! ಬಾರ್ನ್ಸ್‌ಲಿ ಬೇರೆ ತಂಡಗಳ ಪಟ್ಟಿಗಳನ್ನೂ ತೆಗೆದು ನೋಡಿದರು. ಎಲ್ಲೆಲ್ಲೂ ಅದೇ ಚಿತ್ರ. ಸ್ಥೂಲವಾಗಿ ಹೇಳುವುದಾದರೆ, ಆಯ್ಕೆಯಾದ ನೂರು ಹುಡುಗರಲ್ಲಿ ಸುಮಾರು ನಲವತ್ತು ಮಂದಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು. ಕೊನೆಯ ಮೂರು ತಿಂಗಳವರು ಹತ್ತೇ ಮಂದಿ.

ಇದು ಜಾತಕದ ಮಹಿಮೆಯೆ? ಖಂಡಿತ ಅಲ್ಲ. ಮಕ್ಕಳ ತಂಡಗಳಿಗೆ ವಯಸ್ಸು ಲೆಕ್ಕ ಹಾಕುವ ಗಡಿ ಜನವರಿ 1. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರ ಕಡಿಮೆಯೇನಲ್ಲ. ದೊಡ್ಡವನು ಎತ್ತರ, ಬಲ ಎರಡರಲ್ಲೂ ಮುಂದಿರುತ್ತಾನೆ. ತರಬೇತುದಾರನ ಕಣ್ಣಿಗೆ ಅವನೇ 'ಪ್ರತಿಭಾವಂತ'. ಆಯ್ಕೆಯಾದವನಿಗೆ ಹೆಚ್ಚು ಅಭ್ಯಾಸ, ಹೆಚ್ಚು ಪಂದ್ಯ, ಒಳ್ಳೆಯ ಗುರು. ಹೀಗೆ ಮೊದಲು ವಯಸ್ಸಿನಿಂದ ಬಂದ ಮುನ್ನಡೆ ಕ್ರಮೇಣ ನಿಜವಾದ ಮುನ್ನಡೆಯೇ ಆಗಿಬಿಡುತ್ತದೆ. ಡಿಸೆಂಬರ್‌ನ ಹುಡುಗ ತನಗೆ ಕೈಲಾಗದೆಂದು ಕೋಲನ್ನು ಮೂಲೆಗಿಡುತ್ತಾನೆ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಗ್ರೆಟ್ಸ್‌ಕಿ ಜನವರಿಯಲ್ಲಿ ಹುಟ್ಟಿದವನಾದರೆ, ಫೋರ್ಸ್‌ಬರ್ಗ್ ಜುಲೈನವನು. 2005ರ ಚಿನ್ನ ಗೆದ್ದ ತಂಡದಲ್ಲಿದ್ದ ಸಿಡ್ನಿ ಕ್ರಾಸ್ಬಿ ಆಗಸ್ಟ್‌ನವನು. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿ, ಹೇಗೋ ಆಯ್ಕೆಯ ಜರಡಿ ದಾಟಿ ಬಂದವರು ಮುಂದೆ ನಿರೀಕ್ಷೆಗಿಂತ ಚೆನ್ನಾಗಿ ಆಡುತ್ತಾರೆಂದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ದಾಟಲಾಗದೆ ಉಳಿದವರ ಗತಿ?

ನಮ್ಮಲ್ಲಿ ಶಾಲೆಗೆ ಸೇರಿಸುವ ವಯಸ್ಸಿನ ಲೆಕ್ಕಕ್ಕೆ ಜೂನ್ 1 ಗಡಿ. ಜೂನ್‌ನಲ್ಲಿ ಹುಟ್ಟಿದ ಮಗು ತರಗತಿಯಲ್ಲಿ ಹಿರಿಯದು, ಮೇ ತಿಂಗಳಿನದು ಕಿರಿಯದು. ನಮ್ಮ ಕಾಲದಲ್ಲಿ ಈ ಲೆಕ್ಕ ಹಾಕಲು ಸಾಧ್ಯವೇ ಇರಲಿಲ್ಲ. ಎಷ್ಟೋ ಮಕ್ಕಳ ಜನ್ಮದಿನಾಂಕವನ್ನು ಮೇಷ್ಟ್ರೇ ಅಂದಾಜಿನಲ್ಲಿ ಬರೆದುಕೊಳ್ಳುತ್ತಿದ್ದರು. ಈಗ ಜನನ ಪ್ರಮಾಣಪತ್ರವಿದೆ. ಬಾರ್ನ್ಸ್‌ಲಿ ವಿಷಯ ಓದಿದ ಮೇಲೆ ಕುತೂಹಲ ತಡೆಯದೆ, ನಾನೇ ನಿಂತು ಆರಿಸಿದ್ದ ಏಳನೆಯ ತರಗತಿಯ ಖೊಖೊ ತಂಡದ ಹೆಸರುಗಳನ್ನು ದಾಖಲಾತಿ ರಿಜಿಸ್ಟರಿನಲ್ಲಿ ಹುಡುಕಿದೆ. ಹೆಚ್ಚಿನವರು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹುಟ್ಟಿದವರು. ಒಂದು ತಂಡದ ಪಟ್ಟಿಯಿಂದ ಸಿದ್ಧಾಂತ ಮಾಡಲಾಗದು, ನಿಜ. ಆದರೆ 'ಇನ್ನೂ ಸಣ್ಣವನು, ಆಗಲ್ಲ' ಎಂದು ನಾನು ಹಿಂದಕ್ಕೆ ಕಳುಹಿಸಿದ ಹುಡುಗರ ಮುಖಗಳು ಕಣ್ಣಮುಂದೆ ಬಂದವು.

ಆಟಕ್ಕೂ ಪಾಠಕ್ಕೂ ಇದು ಒಂದೇ. ಪಕ್ಕದ ಮನೆಯ ಹುಡುಗನಷ್ಟು ಚುರುಕಿಲ್ಲವೆಂದು ಮಗುವನ್ನು ಜರೆಯುವ ಮುನ್ನ ಇಬ್ಬರ ಹುಟ್ಟಿದ ದಿನಾಂಕವನ್ನೊಮ್ಮೆ ನೋಡಿ. ತಂಡದಲ್ಲಿ ಹೆಸರು ಬಾರದ ವಿದ್ಯಾರ್ಥಿಗಳೇ, ನೀವು ಕೋಲನ್ನು ಮೂಲೆಗಿಡಬೇಡಿ. ಮುಂದಿನ ವರ್ಷ ಮತ್ತೆ ಬಂದು ಸಾಲಿನಲ್ಲಿ ನಿಲ್ಲಿ. ನಾವು ಮೇಷ್ಟ್ರುಗಳು ಆ ಸಾಲನ್ನು ಇನ್ನೊಮ್ಮೆ ಸರಿಯಾಗಿ ನೋಡುವುದನ್ನು ಕಲಿಯಬೇಕು.