ನಾಲ್ಕಿಂಚಿನ ಗೋಡೆಗೆ ಎಷ್ಟು ಬಲ ಬೇಕು?

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ರಸ್ತೆಯ ಮೇಲಿನ ಊರುಗಳು. ಆ ರಸ್ತೆಯಲ್ಲಿ ವೈರಿಂಗ್, ಫ್ಯಾನು, ಗೀಜರು ಅಂತ ಓಡಾಡುವುದೇ ನನ್ನ ಹೊಟ್ಟೆಪಾಡು. ಮೊದಲೆಲ್ಲ ಫೋನ್ ಮಾಡಿದವರು "ಮಷೀನು ತಗೊಂಡು ಬರ್ರಿ" ಅನ್ನುತ್ತಿದ್ದರು. ಈಗ ಬಹಳ ಮಂದಿ ಅನ್ನುವುದೇ ಬೇರೆ: "ಅಣ್ಣ, ಮಷೀನು ನಮ್ಮನ್ಯಾಗೇ ಐತಿ. ನೀವು ಬರಿಗೈಲೆ ಬಂದು ನಾಲ್ಕು ತೂತು ಹೊಡದು ಹೋಗ್ರಿ." ಹೋಗಿ ನೋಡಿದರೆ ಕಪಾಟಿನ ಮೇಲೆ ದಪ್ಪ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ 26 ಎಂಎಂ ರೋಟರಿ ಹ್ಯಾಮರ್. ಕೆಲವು ಮನೆಗಳಲ್ಲಿ ಅದರ ಪಕ್ಕದಲ್ಲೇ ಮಾರ್ಬಲ್ ಕಟರ್ ಇರುತ್ತದೆ. ಒಂದೆರಡು ಕಡೆ ಸ್ಲ್ಯಾಬ್ ಒಡೆಯುವ ಬ್ರೇಕರ್ ಕೂಡ ನೋಡಿದ್ದೇನೆ.

ಇದನ್ನು ಬರೀ ಶೋಕಿ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೊಂಡವರಿಗೆ ಅವರದೇ ಕಾರಣಗಳಿವೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಭತ್ತದ ನಾಟಿ ಶುರುವಾಯಿತೆಂದರೆ, ಕೊಯ್ಲು ಬಂತೆಂದರೆ, ಮನೆಯ ಸಣ್ಣ ಕೆಲಸಕ್ಕೆ ಆಳು ಸಿಗುವುದಿಲ್ಲ. ಎರಡು ತೂತಿಗಾಗಿ ವಾರಗಟ್ಟಲೆ ನನ್ನಂಥವನ ದಾರಿ ಕಾಯುವುದಕ್ಕಿಂತ ಐದಾರು ಸಾವಿರ ಕೊಟ್ಟು ಮಷೀನನ್ನೇ ತರುವುದು ಸರಿ ಅನ್ನಿಸುತ್ತದೆ. ಇನ್ನೊಂದು ಕಾರಣ ಕಿಟಕಿಯ ಪರದೆ. ಪರದೆಯ ರಾಡು ಕೂರಿಸುವ ಜಾಗ ಕಿಟಕಿಯ ತಲೆಯ ಮೇಲೆ, ಅಲ್ಲಿರುವುದು ಇಟ್ಟಂಗಿಯಲ್ಲ, ಆರ್‌ಸಿಸಿ ಲಿಂಟಲ್. ಮನೆಯ ಸಾದಾ ಡ್ರಿಲ್ ಗೋಡೆಯ ಬೇರೆಡೆಯೆಲ್ಲ ಸಲೀಸಾಗಿ ಇಳಿಯುತ್ತದೆ. ಲಿಂಟಲ್‌ಗೆ ತಾಗಿದ ಕೂಡಲೇ ನಿಂತಲ್ಲೇ ತಿರುಗುತ್ತದೆ, ಬಿಟ್ಟಿನ ಮೂತಿ ಕೆಂಪಗಾಗುತ್ತದೆ. ಮನೆಯ ಯಜಮಾನರು ಸಿಟ್ಟಾಗಿ ಅಂಗಡಿಗೆ ಹೋಗುವುದು ಆವಾಗಲೇ. ಅಂಗಡಿಯವರು "ಸ್ವಲ್ಪ ದೊಡ್ಡದೇ ಇರ್ಲಿ, ಸಣ್ಣ ಕೆಲಸನೂ ಮಾಡ್ತೈತಿ" ಅಂತ ಕೈಗಿಡುತ್ತಾರೆ.

ಆ ಮಾತಿನ ಕೊನೆಯ ಅರ್ಧ ನಿಜವಲ್ಲ. ಜನ ಮೋಸಹೋಗುವುದೇ ಅಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ವ್ಯಾಟ್ ಅಂದರೆ ಮಷೀನು ಎಷ್ಟು ಕರೆಂಟು ಎಳೆಯುತ್ತದೆ ಅನ್ನುವ ಲೆಕ್ಕ. ಗೋಡೆಗೆ ಬೀಳುವ ಏಟಿನ ಲೆಕ್ಕ ಜೌಲ್‌ನಲ್ಲಿರುತ್ತದೆ. ನೂರು ಗ್ರಾಂ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದರೆ ಆಗುವ ಏಟು ಸುಮಾರು ಒಂದು ಜೌಲ್. ಸಾದಾ ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಹಲ್ಲಿನ ಎರಡು ಚಕ್ರ ಒಂದರ ಮೇಲೊಂದು ಜಾರಿ ನಿಮಿಷಕ್ಕೆ ನಲವತ್ತು ಸಾವಿರಕ್ಕೂ ಮಿಕ್ಕಿ ತಟ್ಟುತ್ತವೆ. ಆದರೆ ಒಂದೊಂದು ತಟ್ಟೂ ಬಲು ಹಗುರ. ಇಟ್ಟಂಗಿಗೆ ಅಷ್ಟು ಸಾಕು. ರೋಟರಿ ಹ್ಯಾಮರ್ ಕೆಲಸ ಮಾಡುವ ಬಗೆಯೇ ಬೇರೆ. ಒಳಗೊಂದು ಪಿಸ್ಟನ್ ಓಡಾಡಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಕಬ್ಬಿಣದ ಗುಂಡೊಂದನ್ನು ಬಿಟ್ಟಿನ ಬೆನ್ನಿಗೆ ಎಸೆಯುತ್ತದೆ. ಮನೆಗಳಲ್ಲಿ ಕಾಣುವ 26 ಎಂಎಂ ಮಷೀನಿನ ಏಟು ಎರಡೂವರೆ, ಮೂರು ಜೌಲ್, ನಿಮಿಷಕ್ಕೆ ನಾಲ್ಕೈದು ಸಾವಿರ ಸಲ. ಹದಿನೈದು ಕಿಲೋ ತೂಕದ ಬ್ರೇಕರ್‌ನ ಒಂದೊಂದು ಏಟು ನಲವತ್ತು ಜೌಲ್ ದಾಟುತ್ತದೆ.

ಈಗ ನಮ್ಮ ಮನೆಗಳ ಗೋಡೆ ನೋಡೋಣ. ಕೋಣೆ ಕೋಣೆಯ ನಡುವೆ ಇರುವುದು ನಾಲ್ಕಿಂಚಿನ ಗೋಡೆ. ಅದರ ಮೇಲೆ ಹ್ಯಾಮರ್ ಹಚ್ಚಿ 10 ಎಂಎಂ ಬಿಟ್ಟು ಒತ್ತಿದರೆ ಈ ಕಡೆ ಚಂದದ ತೂತು ಬೀಳುತ್ತದೆ, ಆ ಕಡೆಯ ಕೋಣೆಯಲ್ಲಿ ತಟ್ಟೆಯಗಲದ ಗಿಲಾವು ಉದುರಿರುತ್ತದೆ. ಸಿಂಧನೂರಿನ ಸುತ್ತ ಎರೆಭೂಮಿ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನೆಲ ಅದು. ಅದರ ಮೇಲೆ ನಿಂತ ಮನೆಗಳಿಗೆ ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಮೊದಲೇ ಇರುತ್ತದೆ. ಅಂಥ ಕಡೆ ಹ್ಯಾಮರ್ ಹೊಡೆದರೆ ಬಿರುಕಿನ ಅಂಚಿನ ಗಿಲಾವು ಹಪ್ಪಳದಂತೆ ಎದ್ದು ಬರುತ್ತದೆ. ಶಹಾಬಾದ್ ಫರ್ಸಿ ಪದರ ಪದರದ ಸುಣ್ಣಕಲ್ಲು. ಏಟು ಬಿದ್ದರೆ ಪದರವೇ ಸೀಳುತ್ತದೆ. ಅದಕ್ಕೆ ಏಟನ್ನು ಬಂದ್ ಮಾಡಿ ಬರೀ ತಿರುಗಿಸಿ, ಹನಿ ಹನಿ ನೀರು ಬಿಡುತ್ತ ತೂತು ತೆಗೆಯಬೇಕು. ಬಚ್ಚಲುಮನೆಯ ಟೈಲ್ಸ್‌ಗೂ ಅದೇ ಕ್ರಮ.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಮಾಳಿಗೆ ಮನೆಗಳ ವಿಷಯದಲ್ಲಿ. ಮಸ್ಕಿ, ಮುದಗಲ್ ಕಡೆಯ ಹಳ್ಳಿಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳು ಇನ್ನೂ ಉಳಿದಿವೆ. ಗೋಡೆ ಎರಡಡಿ ದಪ್ಪ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಕಲ್ಲಿಗೂ ಕಲ್ಲಿಗೂ ನಡುವೆ ಸಿಮೆಂಟಿಲ್ಲ, ಕಲಸಿದ ಮಣ್ಣಷ್ಟೇ. ಕಲ್ಲಿನ ಮೇಲೆ ಕಲ್ಲು ಕೂತ ಭಾರದಿಂದಲೇ ಆ ಗೋಡೆ ನಿಂತಿರುತ್ತದೆ. ಗಟ್ಟಿ ಕಲ್ಲು ಅಂತ ಅದಕ್ಕೆ ದೊಡ್ಡ ಹ್ಯಾಮರ್ ಹಚ್ಚುತ್ತಾರೆ. ಕಲ್ಲು ಒಡೆಯುವುದಿಲ್ಲ, ಅಲುಗಾಡುತ್ತದೆ. ಸಂದಿಯ ಒಣಮಣ್ಣು ಪುಡಿಯಾಗಿ ಒಳಗೊಳಗೇ ಜಾರುತ್ತದೆ. ಮುಂದಿನ ಮಳೆಗಾಲಕ್ಕೆ ಅಲ್ಲಿ ಗೋಡೆ ಹೊಟ್ಟೆ ಬಿಡುತ್ತದೆ. ಈ ಮನೆಗಳಿಗೆ ಚಾಣ ಮತ್ತು ಸುತ್ತಿಗೆಯೇ ಸರಿ. ಸಂದಿ ನೋಡಿ ಮಣ್ಣು ಕೆದರಿ ಕಟ್ಟಿಗೆಯ ಗೂಟ ಬಡಿದರೆ ಚೀಲ ಜೋಳದ ಭಾರವನ್ನೂ ಅದು ಹೊರುತ್ತದೆ.

ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಡ್ರಿಲ್ಲರ್ ಆಗಿದ್ದರು. ಲಿಂಗಸುಗೂರು ತಾಲೂಕಿನ ಈ ಗಣಿಯ ಕಂಪನಿ ಶುರುವಾದದ್ದು 1947ರಲ್ಲಿ, ನಿಜಾಮರ ಕಾಲದಲ್ಲಿ. ಭೂಮಿಯೊಳಗೆ ಅವರು ಹಿಡಿಯುತ್ತಿದ್ದ ಜಾಕ್ ಹ್ಯಾಮರ್ ಕರೆಂಟಿನದಲ್ಲ, ಒತ್ತಿದ ಗಾಳಿಯದು. ಬಂಡೆಯಲ್ಲಿ ಐದಾರು ಅಡಿ ಆಳದ ತೂತು ತೆಗೆದು ಅದಕ್ಕೆ ಮದ್ದು ತುಂಬುತ್ತಿದ್ದರು. ಕಲ್ಲಿನ ದೂಳು ಎದೆಗೆ ಹೋಗಬಾರದೆಂದು ಬಿಟ್ಟಿನ ಒಳಗಿಂದಲೇ ನೀರು ಹರಿಯುವ ಏರ್ಪಾಡು. ಆ ಬಲದ ಜೊತೆ ದಿನವಿಡೀ ಇರುತ್ತಿದ್ದ ಮನುಷ್ಯ ಮನೆಗೆ ಬಂದು ಕ್ಯಾಲೆಂಡರ್ ತೂಗುಹಾಕಲು ತೆಗೆಯುತ್ತಿದ್ದದ್ದು ಒಂದು ಗೇಣಿನ ಚಾಣ. ಪ್ರತಿ ಏಟಿಗೂ ಚಾಣವನ್ನು ಕೊಂಚ ಕೊಂಚ ತಿರುಗಿಸುತ್ತಿದ್ದರು, ತೂತು ದುಂಡಗೆ ಬರಲಿ ಅಂತ. "ಗ್ವಾಡಿ ಏನ್ ಕೇಳ್ತೈತಿ ಅದನ್ನ ಕೊಡಬೇಕಪ್ಪ" ಅನ್ನುತ್ತಿದ್ದರು. ನನ್ನ ಕಸುಬಿನ ಮೊದಲ ಪಾಠ ಅದೇ.

ಹಟ್ಟಿಯಲ್ಲಿ ಎರಡು ಸಾವಿರ ವರ್ಷದಷ್ಟು ಹಿಂದೆಯೇ ಚಿನ್ನ ತೋಡಿದ ಗುರುತುಗಳಿವೆ. ಬಂಡೆಗೆ ಬೆಂಕಿಯಿಟ್ಟು, ಕಾದ ಮೇಲೆ ನೀರೆರಚಿ, ಬಿರಿದ ಕಲ್ಲನ್ನು ಕೈಯುಳಿಯಿಂದ ಕೀಳುವುದು ಹಳಬರ ಪದ್ಧತಿ. ಮಸ್ಕಿಯ ಬೆಟ್ಟದಲ್ಲಿರುವ ಅಶೋಕನ ಶಾಸನ ಅದಕ್ಕಿಂತಲೂ ಹಳೆಯದು. ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ 1915ರಲ್ಲಿ ಅದನ್ನು ಕಂಡ. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಅನ್ನುವುದಕ್ಕೆ ಹೆಸರಿನ ಸಮೇತ ಸಾಕ್ಷಿ ಸಿಕ್ಕಿದ್ದು ಆ ಬಂಡೆಯಲ್ಲಿ. ಕೆತ್ತಿದವರು ಅಕ್ಷರಕ್ಕೆ ಬೇಕಾದಷ್ಟೇ ಆಳಕ್ಕೆ ಹೋಗಿದ್ದಾರೆ. ಕಲ್ಲು ಬಲ್ಲ ಸೀಮೆ ನಮ್ಮದು. ಅದಕ್ಕೇ ಈ ಅಳತೆ ತಪ್ಪುವುದನ್ನು ಕಂಡಾಗ ನನಗೆ ಸುಮ್ಮನಿರಲು ಆಗುವುದಿಲ್ಲ.

ಸಣ್ಣ ಕೆಲಸಕ್ಕೆ ಬರೋಣ. ಕಿಟಕಿಯ ಕಬ್ಬಿಣದ ಗ್ರಿಲ್‌ಗೆ 3 ಎಂಎಂ ತೂತು ಬೇಕು. ಸಣ್ಣ ಬಿಟ್ಟು ಕಬ್ಬಿಣಕ್ಕೆ ಇಳಿಯಲು ವೇಗ ಬೇಕು, ನೆಟ್ಟಗೆ ನಿಲ್ಲಬೇಕು. 10 ಎಂಎಂ ಸಾದಾ ಡ್ರಿಲ್ ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತು ತಿರುಗುತ್ತದೆ. ದೊಡ್ಡ ಹ್ಯಾಮರ್ ಅದರ ಅರ್ಧದಷ್ಟೇ. ಜೊತೆಗೆ ಅದರ ಮೂತಿಗೆ ಬೇರೆ ಚಕ್ ಸಿಕ್ಕಿಸಬೇಕು, ಅದು ಅಲ್ಲಾಡುತ್ತದೆ, ಬಿಟ್ಟು ಪಟ್ಟಂತ ಮುರಿಯುತ್ತದೆ. ತೂಕವೂ ಹಾಗೇ. ಮೂರು ಕಿಲೋ ಮಷೀನನ್ನು ಸ್ಟೂಲಿನ ಮೇಲೆ ನಿಂತು ತಲೆಯ ಮೇಲೆತ್ತಿ ಹಿಡಿದಾಗ ಬಿಟ್ಟು ಲಿಂಟಲ್‌ನ ಸರಳಿಗೆ ಸಿಕ್ಕಿಕೊಂಡರೆ ತಿರುಗುವುದು ಮಣಿಕಟ್ಟು, ಬೀಳುವುದು ಮನುಷ್ಯ.

ಗ್ರೈಂಡರ್ ಬಗ್ಗೆ ಇನ್ನೂ ಬಿಗಿಯಾಗಿ ಹೇಳಬೇಕು. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಬ್ಲೇಡಿನ ಅಂಚಿನ ವೇಗ ಗಂಟೆಗೆ ಇನ್ನೂರು ಕಿಲೋಮೀಟರ್ ದಾಟಿರುತ್ತದೆ. ಗಾರ್ಡ್ ಬಿಚ್ಚಿ ಏಳಿಂಚಿನ ಬ್ಲೇಡ್ ಹಾಕಿದವರನ್ನು ನೋಡಿದ್ದೇನೆ. ಏಳಿಂಚಿನ ಬ್ಲೇಡ್ ತಾಳುವುದು ಸುಮಾರು 8,500 ಸುತ್ತು. ಅದಕ್ಕೂ ಮೀರಿದರೆ ಚೂರಾಗಿ ಸಿಡಿಯಬಹುದು. ಕಟ್ಟಿಗೆ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರ್‌ಗೆ ಹಾಕುವುದಂತೂ ಬೇಡವೇ ಬೇಡ. ಹಲ್ಲು ಕಟ್ಟಿಗೆಯಲ್ಲಿ ಕಚ್ಚಿಕೊಂಡರೆ ಮಷೀನು ಹಿಂದಕ್ಕೆ ಎಗರಿ ಬರುವುದು ತೊಡೆಗೆ, ಇಲ್ಲವೇ ಮುಖಕ್ಕೆ.

ಕರೆಂಟಿನ ಮಾತು ನನ್ನದೇ ಕಸುಬಿನದು. ಕೋಣೆಯ ಸಣ್ಣ ಸಾಕೆಟ್ಟು 6 ಆಂಪಿಯರ್‌ನದು. 230 ವೋಲ್ಟಿಗೆ ಲೆಕ್ಕ ಹಾಕಿದರೆ 1,380 ವ್ಯಾಟ್, ಅದಕ್ಕಿಂತ ಹೆಚ್ಚು ಎಳೆಯಬಾರದು. ಮಾರ್ಬಲ್ ಕಟರು, ಬ್ರೇಕರುಗಳ ಹಸಿವು ಅದನ್ನು ಮುಟ್ಟುತ್ತದೆ, ಮೀರುತ್ತದೆ. ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ಓಡಿಸಿದರೆ ವೈರು ಮುಟ್ಟಿ ನೋಡಿ, ಬಿಸಿ ಗೊತ್ತಾಗುತ್ತದೆ. ಅಂಥದ್ದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು, ಬೋರ್ಡಿನಲ್ಲಿ ಇಎಲ್‌ಸಿಬಿ ಇರಲೇಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅದೇ ಸಾಲಿನ ಅಕ್ಕಪಕ್ಕ ತೂತು ಹೊಡೆಯಬೇಡಿ. ವೈರಿನ ಪೈಪು ಹೋಗಿರುವುದು ಆ ದಾರಿಯಲ್ಲೇ. ಸಣ್ಣ ಮಷೀನಿಗೆ ಪೈಪು ತಾಗಿದರೆ ಕೈಗೆ ಗೊತ್ತಾಗುತ್ತದೆ, ನಿಲ್ಲಿಸಬಹುದು. ಹ್ಯಾಮರ್ ಗೊತ್ತಾಗುವ ಮೊದಲೇ ದಾಟಿರುತ್ತದೆ.

ಹಾಗಾದರೆ ಲಿಂಟಲ್‌ಗೆ ಏನು ಮಾಡಬೇಕು? ಲೆಕ್ಕ ಹಾಕಿ. ಐದು ಕಿಟಕಿಯ ಮನೆ, ಕಿಟಕಿಗೆ ನಾಲ್ಕು ತೂತು, ಒಟ್ಟು ಇಪ್ಪತ್ತು. ಹ್ಯಾಮರ್‌ನಿಂದ 6 ಎಂಎಂ ತೂತೊಂದಕ್ಕೆ ಹದಿನೈದು ಸೆಕೆಂಡ್ ಹಿಡಿಯಿರಿ. ಐದು ನಿಮಿಷದ ಕೆಲಸ. ಸಿಂಧನೂರಿನ ರೈತ ಭತ್ತ ಕೊಯ್ಯುವ ಮಷೀನನ್ನು ಕೊಳ್ಳುವುದಿಲ್ಲ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕರೆಸುತ್ತಾನೆ. ರಾಜ್ಯ ಸರ್ಕಾರ 2014ರಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ತೆರೆದದ್ದೂ ಇದೇ ತಿಳಿವಳಿಕೆಯಿಂದ: ವರ್ಷಕ್ಕೆ ನಾಲ್ಕು ದಿನ ಬೇಕಾಗುವ ಯಂತ್ರವನ್ನು ಹೋಬಳಿಗೆಲ್ಲ ಸೇರಿ ಇಟ್ಟುಕೊಂಡರಾಯಿತು. ಹೊಲಕ್ಕೆ ಒಪ್ಪಿಕೊಂಡ ಈ ಲೆಕ್ಕವನ್ನು ಮನೆಗೂ ಒಪ್ಪಿಕೊಳ್ಳಬೇಕು ಅನ್ನುವುದಷ್ಟೇ ನನ್ನ ಕೋರಿಕೆ. ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವವರನ್ನು ಕೇಳಿ, ಹ್ಯಾಮರು ಬ್ರೇಕರುಗಳೂ ದಿನದ ಬಾಡಿಗೆಗೆ ಸಿಗುತ್ತವೆ.

ಮನೆಗೆ ಕೊಳ್ಳುವುದೇ ಆದರೆ 500 ವ್ಯಾಟಿನ ಆಸುಪಾಸಿನ ಇಂಪ್ಯಾಕ್ಟ್ ಡ್ರಿಲ್ ಸಾಕು. ಏಟು ಬಂದ್ ಮಾಡುವ ಗುಂಡಿ, ವೇಗ ಹೆಚ್ಚುಕಡಿಮೆ ಮಾಡುವ ಟ್ರಿಗರ್ ಇರಬೇಕು. ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ಬಿಟ್ಟುಗಳು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ತನ್ನಿ. ದೊಡ್ಡದನ್ನು ಈಗಾಗಲೇ ಕೊಂಡಿದ್ದರೆ ಮಾರಬೇಡಿ. ಲಿಂಗಸುಗೂರಿನಲ್ಲಿ ನಮ್ಮ ಓಣಿಯ ಒಬ್ಬರ ಹ್ಯಾಮರ್ ಈಗ ಓಣಿಗೆಲ್ಲ ಓಡಾಡುತ್ತದೆ. ಒಯ್ದವರು ಮೂತಿಯ ದೂಳು ಒರೆಸಿ, ಬಿಟ್ಟಿನ ಬುಡಕ್ಕೆ ಗ್ರೀಸು ಸವರಿ ತಂದುಕೊಡಬೇಕು ಅಂತ ಕಟ್ಟುಪಾಡು ಮಾಡಿದ್ದೇವೆ. ಕಾರ್ಬನ್ ಬ್ರಷ್ ಸವೆದಾಗ ಬದಲಿಸುವ ಕೆಲಸ ನಾನು ವಹಿಸಿಕೊಂಡಿದ್ದೇನೆ.