ಕೂಲಿ, ವಾರ, ಒಡೆತನ: ಕಂಪನಿಗಳಲ್ಲಿ ನೌಕರರ ಪಾಲು

ಶಿರಾ ತಾಲೂಕಿನ ಗೌಡಗೆರೆಯ ಕಡೆ ಹೊಲದ ದುಡಿಮೆಗೆ ಮೂರು ಬಗೆಯ ಸಂಬಂಧಗಳಿವೆ. ದಿನಕ್ಕಿಷ್ಟೆಂದು ದುಡಿದರೆ ಅದು ಕೂಲಿ. ಬೆಳೆಯಲ್ಲಿ ಪಾಲು ಪಡೆಯುವ ಕರಾರಾದರೆ ವಾರ. ಪಹಣಿಯಲ್ಲಿ ಹೆಸರಿದ್ದರೆ ಒಡೆತನ. ಕಡಲೆಕಾಯಿ ಬೆಳೆಯುವ ರೈತನಿಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅವನ ಮಗನೋ ಮಗಳೋ ವಸಂತನರಸಾಪುರದ ಕಾರ್ಖಾನೆಗೆ ಅಥವಾ ಬೆಂಗಳೂರಿನ ಕಚೇರಿಗೆ ಸೇರಿದಾಗ ಅದು ಮಸುಕಾಗುತ್ತದೆ. ನೇಮಕಾತಿ ಪತ್ರದಲ್ಲಿ ಸಂಬಳ, ಭವಿಷ್ಯನಿಧಿ, ವಿಮೆ, ಕೆಲವೊಮ್ಮೆ ಷೇರು ಎಲ್ಲವೂ ಧಣಿಯ ಒಂದೇ ಉಪಕಾರದಂತೆ ತೋರುತ್ತವೆ. ಆ ಪತ್ರವನ್ನು ಹಿಡಿದು ಧರ್ಮಕೇಂದ್ರದ ಗುರುವಿನ ಬಳಿ ಸಲಹೆಗೆ ಬರುವ ಯುವಜನರಿಗೆ ಉತ್ತರಿಸಬೇಕಾದ ನಾವು ಈ ವಿಷಯವನ್ನು ತಿಳಿದಿರುವುದು ಅಗತ್ಯ.

ಮೊದಲು ಷೇರಿನ ಮಾತು. 1981ರಲ್ಲಿ ಏಳು ಮಂದಿ ಕೂಡಿ ಸ್ಥಾಪಿಸಿದ ಇನ್ಫೋಸಿಸ್ 1994ರಲ್ಲಿ ತನ್ನ ನೌಕರರಿಗೆ ಷೇರು ಯೋಜನೆಯನ್ನು ಆರಂಭಿಸಿತು. ವಾಹನ ಚಾಲಕರೂ ಸಿರಿವಂತರಾದರೆಂಬ ಮಾತು ಬೆಂಗಳೂರಿನಲ್ಲಿ ಇಂದಿಗೂ ಉಂಟು. ಇಂತಹ ಯೋಜನೆಗಳಲ್ಲಿ ನೌಕರನಿಗೆ ಆರಂಭದಲ್ಲಿ ದೊರೆಯುವುದು ಷೇರಲ್ಲ, ಮುಂದೊಂದು ದಿನ ಗೊತ್ತುಪಡಿಸಿದ ಬೆಲೆಗೆ ಷೇರು ಕೊಳ್ಳುವ ಹಕ್ಕು. 2013ರ ಕಂಪನಿ ಕಾಯಿದೆಯ ನಿಯಮಗಳಂತೆ ಆ ಹಕ್ಕು ಪಕ್ವವಾಗಲು ಕನಿಷ್ಠ ಒಂದು ವರ್ಷ ಕಾಯಬೇಕು. ಕೊಳ್ಳುವವರೆಗೆ ಲಾಭಾಂಶವಿಲ್ಲ, ಮತವೂ ಇಲ್ಲ. ಕೊಂಡಾಗ ರಿಯಾಯಿತಿಯ ಮೊತ್ತಕ್ಕೆ ಸಂಬಳದಂತೆಯೇ ತೆರಿಗೆ ಬೀಳುತ್ತದೆ. ಅಂದರೆ ಇದು ವಾರವೂ ಅಲ್ಲ, ಪಹಣಿಯೂ ಅಲ್ಲ, ಎರಡರ ನಡುವಿನ ಒಂದು ವಾಗ್ದಾನ. ಗುತ್ತಿಗೆಯ ಕಾರ್ಮಿಕನಿಗಾದರೋ ಈ ವಾಗ್ದಾನವೂ ಸಾಮಾನ್ಯವಾಗಿ ದೊರೆಯುವುದಿಲ್ಲ.

ಇದಕ್ಕಿಂತ ಬೇರೆಯಾದ ದಾರಿಯೂ ನಮ್ಮ ನಾಡಿನಲ್ಲೇ ಇದೆ. 1950ರ ದಶಕದಲ್ಲಿ ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರು ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿದರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಹುಟ್ಟಿತು. ಬಡಿಸುವವನೇ ಸದಸ್ಯ, ಸದಸ್ಯನೇ ಒಡೆಯ, ಪಾಲು ಎಷ್ಟೇ ಇರಲಿ ಒಬ್ಬನಿಗೆ ಒಂದೇ ಮತ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಅದರ ಹೆಸರಾಂತ ಮಳಿಗೆ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಬಂದುದು ಕಾಕತಾಳೀಯವಾದರೂ ನಮಗೆ ಹಿತವೆನಿಸುತ್ತದೆ. ಇಲ್ಲಿ ಯಾರೂ ಕೋಟ್ಯಧಿಪತಿಗಳಾಗಲಿಲ್ಲ. ಆದರೆ ಒಡೆತನವೆಂಬ ಪದಕ್ಕೆ ಹೆಚ್ಚು ನ್ಯಾಯ ಸಂದಿರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ನಾವು ಭಾವಿಸುವುದಕ್ಕಿಂತ ದಿಟ್ಟವಾದುದು. 1931ರಲ್ಲಿ ಪೋಪ್ ಹನ್ನೊಂದನೆಯ ಪಯಸ್‌ರವರು ಕೂಲಿಯ ಕರಾರು ತನ್ನಷ್ಟಕ್ಕೆ ಅನ್ಯಾಯವಲ್ಲವೆಂದರೂ, ಸಾಧ್ಯವಿರುವಲ್ಲಿ ಅದನ್ನು ಪಾಲುದಾರಿಕೆಯ ಅಂಶಗಳಿಂದ ತಿದ್ದಬೇಕೆಂದು ಬೋಧಿಸಿದರು. ಇನ್ಫೋಸಿಸ್ ಹುಟ್ಟಿದ 1981ರಲ್ಲೇ ಪ್ರಕಟವಾದ 'ಲಾಬೋರೆಮ್ ಎಕ್ಸೆರ್ಚೆನ್ಸ್' ವಿಶ್ವಪರಿಪತ್ರದಲ್ಲಿ ಸಂತ ಎರಡನೆಯ ಜಾನ್ ಪಾಲ್‌ರವರು ಕಾರ್ಮಿಕರ ಸಹ-ಒಡೆತನ, ಆಡಳಿತದಲ್ಲಿ ಪಾಲು, ಷೇರು ಇವುಗಳನ್ನು ಹೆಸರಿಸಿಯೇ ಪರಿಗಣಿಸಿದ್ದಾರೆ. ದುಡಿಯುವವನು ತಾನು ತನ್ನದೇ ಆದುದಕ್ಕಾಗಿ ದುಡಿಯುತ್ತಿದ್ದೇನೆಂದು ಅರಿಯುವಂತಾಗಬೇಕೆಂಬುದು ಅವರ ವಾದದ ತಿರುಳು. ಯೊವಾನ್ನನ ಶುಭಸಂದೇಶದ ಕೂಲಿಯಾಳು ತೋಳವನ್ನು ಕಂಡು ಓಡುತ್ತಾನೆ, ಏಕೆಂದರೆ ಕುರಿಗಳು ಅವನವಲ್ಲ. ಈ ವಾಕ್ಯವನ್ನು ಕೂಲಿಯವನ ನಿಂದೆಗಾಗಿ ಬಳಸುವ ಪ್ರಸಂಗಗಳನ್ನು ನಾವು ಕೇಳಿದ್ದೇವೆ. ಅಲ್ಲಿ ಪ್ರಭು ಮಾತನಾಡುತ್ತಿರುವುದು ತಮ್ಮನ್ನು ಕುರಿತು, ಉದ್ಯೋಗನೀತಿಯನ್ನು ಕುರಿತಲ್ಲ. ಆದರೂ ತನ್ನದಲ್ಲದ್ದಕ್ಕೆ ಪ್ರಾಣ ಕೊಡುವವರು ವಿರಳ ಎಂಬ ಲೋಕಾನುಭವವನ್ನು ಆ ಸಾಮತಿ ಆಧರಿಸಿದೆ.

ಅಪಾಯವನ್ನೂ ಹೇಳಬೇಕು. ಸ್ಪೇನಿನ ಮೊಂದ್ರಾಗೋನ್‌ನಲ್ಲಿ ಗುರು ಹೋಸೆ ಮರಿಯಾ ಅರಿಸ್ಮೆಂದಿಯಾರಿಯೆತಾರವರ ಶಿಷ್ಯರು 1956ರಲ್ಲಿ ಆರಂಭಿಸಿದ ಕಾರ್ಮಿಕ ಸಹಕಾರ ಸಂಸ್ಥೆಗಳು ಜಗತ್ಪ್ರಸಿದ್ಧ. ಆದರೆ ಅವುಗಳಲ್ಲೊಂದಾದ ಗೃಹೋಪಕರಣಗಳ ಫಾಗೋರ್ 2013ರಲ್ಲಿ ದಿವಾಳಿಯಾದಾಗ ಕೆಲಸದ ಜೊತೆ ಸದಸ್ಯರ ಉಳಿತಾಯವೂ ಮುಳುಗಿತು. ಸಂಬಳ ಮತ್ತು ಉಳಿತಾಯ ಎರಡನ್ನೂ ಒಂದೇ ದೋಣಿಯಲ್ಲಿಡಬಾರದೆಂದು ಯುವಜನರಿಗೆ ಹೇಳುವುದು ಅವಿಶ್ವಾಸವಲ್ಲ, ವಿವೇಕ.

ನಾವು ಗುರುಗಳೂ ಧಣಿಗಳೇ. ನಮ್ಮ ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯಗಳು ಟ್ರಸ್ಟ್ ಅಥವಾ ಸಂಘಗಳಾಗಿರುವುದರಿಂದ ಅಲ್ಲಿ ಹಂಚಲು ಷೇರಿಲ್ಲ. ಆದರೆ ಆಡಳಿತದಲ್ಲಿ ಪಾಲು ನೀಡಲು ಷೇರು ಬೇಕಿಲ್ಲ. ಉದ್ಯಮಗಳ ಆಡಳಿತದಲ್ಲಿ ಕಾರ್ಮಿಕರ ಭಾಗವಹಿಸುವಿಕೆಯನ್ನು ನಮ್ಮ ಸಂವಿಧಾನದ 43ಎ ವಿಧಿ 1976ರಿಂದಲೇ ಆಶಿಸುತ್ತಿದೆ. ಆಡಳಿತ ಸಮಿತಿಯಲ್ಲಿ ಶಿಕ್ಷಕರ ಪ್ರತಿನಿಧಿ, ವರ್ಷಕ್ಕೊಮ್ಮೆ ಸಿಬ್ಬಂದಿಯ ಮುಂದೆ ಲೆಕ್ಕಪತ್ರ, ಅಡುಗೆಯವರಿಗೂ ಧರ್ಮೋಪದೇಶಕರಿಗೂ ಭವಿಷ್ಯನಿಧಿ: ಇವಿಷ್ಟನ್ನು ಬರುವ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬಹುದು.